ಬಾವಿಕಟ್ಟೆಯಿಂದ ಜಲಾನಯನದವರೆಗೆ: ಗಡಿನಾಡಿನ ಸಾರ್ವಜನಿಕ ಬಾವಿಗಳ ಭೇದ್ಯತೆಯ ಚರಿತ್ರೆ

ಕಾಸರಗೋಡು ಜಿಲ್ಲೆಯ ಪೂರ್ವದಂಚಿನಲ್ಲಿ, ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ ತಾಗಿಕೊಂಡಿರುವ ದೇಲಂಪಾಡಿ ಗುಡ್ಡ, ಕಾಡು, ಅಡಿಕೆ ತೋಟ ಮತ್ತು ಕಿರಿದಾದ ಬಯಲುಗಳ ಪಂಚಾಯತು. ಕೊಡಗಿನ ಪಟ್ಟಿ ಘಾಟಿಯ ಕಾಡಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾದು ಈ ಭಾಗದಲ್ಲಿ ಕೇರಳವನ್ನು ಪ್ರವೇಶಿಸುತ್ತದೆ. ಮುಂದೆ ಚಂದ್ರಗಿರಿಯಾಗಿ ಕಡಲನ್ನು ಸೇರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದರಿಂದ ಉಳಿದ ಎಂಟು ತಿಂಗಳು ಜನಜೀವನ ನೆಲದಡಿಯ ನೀರನ್ನು ನೆಚ್ಚಿಕೊಂಡಿದೆ. ಮುರಕಲ್ಲನ್ನು ಕಡಿದು ತೋಡಿದ ತೆರೆದ ಬಾವಿ, ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗ, ತೋಡಿಗೆ ಕಟ್ಟುವ ಕಟ್ಟ: ಈ ಸೀಮೆಯ ನೀರಿನ ಬದುಕು ಈ ಮೂರು ರಚನೆಗಳ ಸುತ್ತ ಬೆಳೆದಿದೆ.

ಇವುಗಳಲ್ಲಿ ಸಾರ್ವಜನಿಕ ಬಾವಿಯ ಸ್ಥಾನ ವಿಶಿಷ್ಟವಾದುದು. ಮನೆಯ ಬಾವಿಗೆ ಒಡೆಯನಿದ್ದಾನೆ. ಅದರ ನೀರು ಕೆಟ್ಟರೆ ತಿಳಿಯುವವನೂ ಸರಿಪಡಿಸುವವನೂ ಅವನೇ. ಸ್ವಂತ ಬಾವಿ ತೋಡಲು ಜಾಗವಾಗಲೀ ಹಣವಾಗಲೀ ಇಲ್ಲದ ಕುಟುಂಬಗಳೇ ಸಾರ್ವಜನಿಕ ಬಾವಿಯನ್ನು ಹೆಚ್ಚಾಗಿ ಆಶ್ರಯಿಸುತ್ತವೆ. ಆದ್ದರಿಂದ ಅದರ ನೀರು ಯಾವುದರಿಂದ ಕೆಡಬಹುದು, ಎಷ್ಟು ಸುಲಭವಾಗಿ ಕೆಡಬಹುದು ಎಂಬ ಪ್ರಶ್ನೆ ಭೂವಿಜ್ಞಾನದಷ್ಟೇ ಸಮಾಜ ಚರಿತ್ರೆಗೂ ಸೇರಿದೆ. ಕಳೆದ ಒಂದೂವರೆ ಶತಮಾನದಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳು ಮತ್ತೆ ಮತ್ತೆ ಬದಲಾಗಿವೆ. ಉತ್ತರ ಹೇಳುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರ ದೃಷ್ಟಿ ಹರಿದಲ್ಲಿ ಮಾತ್ರ ಅಪಾಯ ಗುರುತಿಸಲ್ಪಟ್ಟಿದೆ ಎಂಬುದು ಈ ಚರಿತ್ರೆಯಿಂದ ವ್ಯಕ್ತವಾಗುತ್ತದೆ.

ಮೈಲಿಗೆ ಮತ್ತು ಮಾಲಿನ್ಯ

1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಕಾಸರಗೋಡು ಮದರಾಸು ಆಧಿಪತ್ಯದ, ಅನಂತರ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1884ರ ಮದರಾಸು ಸ್ಥಳೀಯ ಮಂಡಳಿಗಳ ಕಾಯಿದೆ ಹಾಗೂ ಅದರ ಸ್ಥಾನದಲ್ಲಿ ಬಂದ 1920ರ ಕಾಯಿದೆಗಳ ಮೂಲಕ ರಸ್ತೆ, ಆಸ್ಪತ್ರೆ, ನೈರ್ಮಲ್ಯಗಳೊಂದಿಗೆ ಕುಡಿಯುವ ನೀರಿನ ಹೊಣೆಯೂ ಬೋರ್ಡುಗಳಿಗೆ ಬಂದಿತು. ಸರಕಾರಿ ಹಣದಲ್ಲಿ ತೋಡಿದ ಬಾವಿಗೆ ‘ಸಾರ್ವಜನಿಕ’ ಎಂಬ ವಿಶೇಷಣ ಅಂಟಿದ್ದು ಈ ಆಡಳಿತ ವ್ಯವಸ್ಥೆಯಲ್ಲಿಯೇ. ಆದರೆ ‘ಸಾರ್ವಜನಿಕ’ದೊಳಗೆ ಯಾರೆಲ್ಲ ಸೇರುತ್ತಾರೆ ಎಂಬುದನ್ನು ಊರಿನ ಜಾತಿಕ್ರಮವೇ ನಿರ್ಧರಿಸುತ್ತಿತ್ತು. ಬಾವಿಯನ್ನು ಕಾಯಬೇಕಾದದ್ದು ಕೊಳಕಿನಿಂದ ಎನ್ನುವುದಕ್ಕಿಂತ ಮೈಲಿಗೆಯಿಂದ ಎಂಬುದು ಅಂದಿನ ಬಲವಾದ ನಂಬಿಕೆ. ಬಾವಿಯ ಬಳಿ ದನ ತೊಳೆಯುವುದು ಸಹ್ಯವಾಗಿತ್ತು. ದಲಿತ ಹೆಂಗಸೊಬ್ಬಳು ಕೊಡ ಇಳಿಸುವುದು ಸಹ್ಯವಾಗಿರಲಿಲ್ಲ.

ಇದಕ್ಕೆ ಸರಕಾರ ಕಂಡುಕೊಂಡ ಮೊದಲ ಪರಿಹಾರ ಪ್ರತ್ಯೇಕತೆಯದು. 1920ರ ಬಳಿಕ ಮದರಾಸಿನ ಕಾರ್ಮಿಕ ಇಲಾಖೆ ‘ದಮನಿತ ವರ್ಗ’ಗಳಿಗಾಗಿ ಬೇರೆ ಬಾವಿಗಳನ್ನು ತೋಡಿಸುವ ಕಾರ್ಯಕ್ರಮವನ್ನು ನಡೆಸಿತು. ಇದ್ದ ಬಾವಿಗಳಲ್ಲಿಯೇ ಸಮಾನ ಹಕ್ಕನ್ನು ಘೋಷಿಸಿದ್ದು 1938ರ ಮದರಾಸು ನಾಗರಿಕ ಅನರ್ಹತಾ ನಿವಾರಣಾ ಕಾಯಿದೆ. ಸಂವಿಧಾನದ 15ನೆಯ ಅನುಚ್ಛೇದ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ ಭೇದಭಾವವನ್ನು ನಿಷೇಧಿಸಿತು. ನೀರಿನ ಗುಣಮಟ್ಟದ ಚರಿತ್ರೆಯನ್ನು ಬರೆಯುವಾಗ ಈ ಅಧ್ಯಾಯವನ್ನು ಬಿಡುವಂತಿಲ್ಲ. ಮೈಲಿಗೆಯ ಭಯ ನಿಜವಾದ ಮಾಲಿನ್ಯವನ್ನು ಕಣ್ಣಿಂದ ಮರೆಮಾಡಿತ್ತು. ಯಾರ ಬಾವಿಯ ನೀರನ್ನು ಪರೀಕ್ಷಿಸಬೇಕು ಎಂಬ ಆದ್ಯತೆಯನ್ನೂ ಅದು ಪ್ರಭಾವಿಸಿತ್ತು.

ಕೊಡ, ಹಗ್ಗ ಮತ್ತು ಕ್ಲೋರಿನ್

ಇದೇ ಕಾಲದಲ್ಲಿ ವಿಜ್ಞಾನ ಬೇರೊಂದು ಉತ್ತರವನ್ನು ಸಿದ್ಧಗೊಳಿಸುತ್ತಿತ್ತು. 1854ರಲ್ಲಿ ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಪಂಪಿನ ನೀರಿಗೂ ಕಾಲರಾ ಸಾವುಗಳಿಗೂ ಇರುವ ಸಂಬಂಧವನ್ನು ತೋರಿಸಿದ. 1884ರಲ್ಲಿ ರಾಬರ್ಟ್ ಕೋಖ್ ಕಲ್ಕತ್ತೆಯ ಜನ ಬಳಸುತ್ತಿದ್ದ ಕೆರೆಯೊಂದರ ನೀರಿನಲ್ಲಿಯೇ ಕಾಲರಾ ರೋಗಾಣುವನ್ನು ಗುರುತಿಸಿದ. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1890ರ ದಶಕದಲ್ಲಿ ಬಾವಿಗಳಿಗೆ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕುವ ಪದ್ಧತಿಯನ್ನು ಪ್ರಚುರಪಡಿಸಿದ. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆಯು ಕುಡಿಯುವ ನೀರಿನ ಮೂಲಗಳ ಶುಚಿತ್ವವನ್ನು ಕಾನೂನಿನ ವಿಷಯವಾಗಿಸಿತು. ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ಜಗಲಿ, ಚೆಲ್ಲಿದ ನೀರು ಹರಿದುಹೋಗಲು ಚರಂಡಿ, ಎಲ್ಲರಿಗೂ ಒಂದೇ ಹಗ್ಗ ಮತ್ತು ಕೊಡ: ಆದರ್ಶ ಬಾವಿಯ ಈ ಚಿತ್ರ ಇಂದಿಗೂ ಉಳಿದುಬಂದಿದೆ.

ಈ ಚಿತ್ರದ ಮಿತಿಯನ್ನು ಮುರಕಲ್ಲಿನ ನೆಲ ತೋರಿಸಿಕೊಡುತ್ತದೆ. ಮುರಕಲ್ಲು ರಂಧ್ರಮಯ, ಅದರ ಟೊಳ್ಳು ಮತ್ತು ಬಿರುಕುಗಳಲ್ಲಿ ಮಳೆನೀರು ಸೋಸಲ್ಪಡುವ ಮೊದಲೇ ಕೆಳಗಿಳಿಯುತ್ತದೆ. ಕೆಳಗಿನ ಜೇಡಿಮಣ್ಣಿನ ಪದರವನ್ನು ಮುಟ್ಟಿದ ಬಳಿಕ ಅದು ಇಳಿಜಾರನ್ನು ಅನುಸರಿಸಿ ಅಡ್ಡಲಾಗಿ ಸಾಗುತ್ತದೆ. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಶೌಚಗುಂಡಿ ಇರಕೂಡದೆಂದು ಕೇರಳದ ಪಂಚಾಯತು ಕಟ್ಟಡ ನಿಯಮಗಳು ಹೇಳುತ್ತವೆ. ಸಮತಟ್ಟಾದ ಮರಳುನೆಲಕ್ಕೂ ಬಿರುಕುಬಿಟ್ಟ ಮುರಕಲ್ಲಿನ ಇಳಿಜಾರಿಗೂ ಈ ಅಂತರ ಒಂದೇ. ಗುಂಡಿಯು ಬಾವಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಇಂತಹ ನೆಲದಲ್ಲಿ ಮೀಟರುಗಳ ಲೆಕ್ಕಕ್ಕಿಂತ ಮುಖ್ಯವಾಗುತ್ತದೆ.

ಕ್ಲೋರಿನೀಕರಣಕ್ಕೂ ಇಂತಹದೇ ತೊಡಕಿದೆ. ಸಾಮಾನ್ಯ ಸಂದರ್ಭದಲ್ಲಿ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಎಂಬುದು ಪಠ್ಯಪುಸ್ತಕಗಳ ಪ್ರಮಾಣ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್. ಬೇಕಾಗುವ ಪುಡಿ 70 ಗ್ರಾಂ. ಆಟಿಯ ಮಳೆಗೆ ನೀರು 8 ಮೀಟರಿಗೇರಿದರೆ 140 ಗ್ರಾಂ ಬೇಕು. ಮಳೆಯೊಂದಿಗೆ ಮಣ್ಣು ಮತ್ತು ಕೊಳೆತ ಎಲೆಗಳ ಅಂಶ ಸೇರಿದಾಗ ಅದೂ ಸಾಲದು. ವರ್ಷವಿಡೀ ಒಂದೇ ಅಳತೆಯ ಪುಡಿ ಹಾಕಿದರೆ ಅಪಾಯ ಹೆಚ್ಚಿರುವ ತಿಂಗಳಲ್ಲಿಯೇ ರಕ್ಷಣೆ ಕಡಿಮೆಯಾಗುತ್ತದೆ.

ಮುಚ್ಚಲಾಗದ ಬಾವಿಗಳು

ಮೈಲಿಗೆಯ ಕಾಲದಲ್ಲಾಗಲೀ ರೋಗಾಣುವಿನ ಕಾಲದಲ್ಲಾಗಲೀ ಅಪಾಯ ಬಾವಿಯ ಸಮೀಪದಲ್ಲಿಯೇ ಇದೆಯೆಂಬ ಗ್ರಹಿಕೆಯಿತ್ತು. ಅದನ್ನು ಒಡೆದದ್ದು ಎಂಡೋಸಲ್ಫಾನ್. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟಗಳಿದ್ದುದು ಗುಡ್ಡಗಳ ನೆತ್ತಿಯಲ್ಲಿ. ಮನೆ, ಬಾವಿ, ತೋಡುಗಳಿದ್ದುದು ಅವುಗಳ ತಪ್ಪಲಿನಲ್ಲಿ. ಸಿಂಪಡಣೆಯ ಹೊತ್ತಿಗೆ ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂಬ ಸೂಚನೆ ಜನರಿಗೆ ದೊರೆಯುತ್ತಿತ್ತು. ಬಾವಿಯ ಬಾಯಿಗೆ ಮಡಲು ಹೊದಿಸಬಹುದು. ಗುಡ್ಡದ ಮೈಯಿಂದಲೇ ನೀರು ಒಸರುವ ಸುರಂಗವನ್ನಾಗಲೀ ತೋಡನ್ನಾಗಲೀ ಮುಚ್ಚುವ ಬಗೆಯಿಲ್ಲ.

ಪಡ್ರೆ ಗ್ರಾಮದ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ನ್ಯಾಯಾಲಯದ ಮೊರೆಹೊಕ್ಕ ಪೆರಿಯದ ಲೀಲಾಕುಮಾರಿ ಅಮ್ಮ ಮೊದಲಾದವರು ಎತ್ತಿದ ಪ್ರಶ್ನೆಗಳು ಪ್ರಯೋಗಾಲಯಗಳನ್ನು ತಲಪಲು ವರ್ಷಗಳೇ ಹಿಡಿದವು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು ಮತ್ತು ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಶೇಷವನ್ನು ವರದಿ ಮಾಡಿತು. ಕಾರ್ಪೊರೇಷನ್ ಮಾಡಿಸಿದ ಬೇರೊಂದು ಪರೀಕ್ಷೆ ನೀರಿನಲ್ಲಿಯೂ ರಕ್ತದಲ್ಲಿಯೂ ಶೇಷವಿಲ್ಲವೆಂದಿತು. ಒಂದೇ ಜಿಲ್ಲೆಯ ನೀರಿಗೆ ಎರಡು ತೀರ್ಪುಗಳು ಬಂದವು. ಎಂಡೋಸಲ್ಫಾನ್ ನೀರಿನಲ್ಲಿ ಅತ್ಯಲ್ಪವಾಗಿ ಕರಗುತ್ತದೆ. ಮಣ್ಣಿನ ಕಣಗಳಿಗೆ ಅಂಟಿಕೊಂಡು ಮಳೆಯೊಂದಿಗೆ ಸಾಗುತ್ತದೆ. ವಿಘಟನೆಗೊಂಡಾಗ ಅಷ್ಟೇ ವಿಷಕಾರಿಯಾದ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಹೀಗಾಗಿ ಮಾದರಿಯನ್ನು ಯಾವ ತಿಂಗಳಲ್ಲಿ, ತಿಳಿನೀರಿನಿಂದಲೋ ತಳದ ಕೆಸರಿನಿಂದಲೋ ತೆಗೆಯಲಾಯಿತು ಎಂಬುದು ಫಲಿತಾಂಶವನ್ನು ನಿರ್ಧರಿಸಬಲ್ಲದು. ಇಂದಿನ ಭಾರತೀಯ ಮಾನಕ ಐಎಸ್ 10500 ಎಂಡೋಸಲ್ಫಾನಿಗೆ ವಿಧಿಸಿರುವ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ಕಣ್ಣು, ಮೂಗು, ನಾಲಗೆಗಳಿಗೆ ಇಷ್ಟು ಸೂಕ್ಷ್ಮ ಪ್ರಮಾಣ ಗೋಚರಿಸದು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕದ ಉತ್ಪಾದನೆ, ಮಾರಾಟ ಮತ್ತು ಬಳಕೆಗಳನ್ನು ತಡೆಯಿತು.

ಸಂತ್ರಸ್ತ ಪ್ರದೇಶವೆಂದು ಅಧಿಕೃತವಾಗಿ ಗುರುತಿಸಲಾದ 11 ಪಂಚಾಯತುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕಾರಡ್ಕ, ಮುಳಿಯಾರುಗಳಿದ್ದವು; ದೇಲಂಪಾಡಿ ಇರಲಿಲ್ಲ. ಪರಿಹಾರದ ಆಡಳಿತಕ್ಕೆ ಪಟ್ಟಿಯೊಂದು ಅಗತ್ಯ. ಆದರೆ ಪಟ್ಟಿಯ ಗಡಿ ಪಂಚಾಯತಿನ ಗಡಿ. ನೀರು ಅದನ್ನು ಅನುಸರಿಸಿ ಹರಿಯುವುದಿಲ್ಲ. ಪಟ್ಟಿಯ ಹೊರಗಿರುವ ಊರಿನ ಬಾವಿ ಸುರಕ್ಷಿತವೆಂದಾಗಲೀ ಒಳಗಿರುವ ಪ್ರತಿ ಬಾವಿಯೂ ಕಲುಷಿತವೆಂದಾಗಲೀ ಅದರಿಂದ ಸಿದ್ಧವಾಗದು. ಪ್ರತಿ ಬಾವಿಯನ್ನೂ ಅದರ ನೆಲದೊಂದಿಗೆ ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಅಂಕಗಳ ಲೆಕ್ಕ, ನೆಲದ ಲೆಕ್ಕ

ಈ ಅಗತ್ಯವನ್ನು ವಿಜ್ಞಾನ ಮೊದಲೇ ಮನಗಂಡಿತ್ತು. ಅಂತರ್ಜಲದ ಭೇದ್ಯತೆ ಎಂಬ ಪರಿಕಲ್ಪನೆಯನ್ನು 1968ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಜಲಭೂವಿಜ್ಞಾನಿ ಜಾನ್ ಮಾರ್ಗಾ. ನೀರು ಈಗಾಗಲೇ ಕೆಟ್ಟಿದೆಯೇ ಎಂಬುದು ಮಾಲಿನ್ಯದ ಪರೀಕ್ಷೆ. ಕೆಡುವ ಸಂದರ್ಭ ಬಂದರೆ ಈ ನೆಲ ಅದನ್ನು ಎಷ್ಟು ತಡೆದೀತು ಎಂಬುದು ಭೇದ್ಯತೆಯ ಮೌಲ್ಯಮಾಪನ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ 1980ರ ದಶಕದಲ್ಲಿ ರೂಪುಗೊಂಡ ಡ್ರಾಸ್ಟಿಕ್ ವಿಧಾನ ನೀರಿನ ಆಳ, ಮರುಪೂರಣ, ಜಲಧರ ಶಿಲೆ, ಮೇಲ್ಮಣ್ಣು, ಇಳಿಜಾರು, ಜಲಮಟ್ಟದ ಮೇಲಿನ ಒಣಪದರ ಮತ್ತು ವಾಹಕತೆ ಎಂಬ ಏಳು ಅಂಶಗಳಿಗೆ ಅಂಕ ನೀಡುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಇಳಿಜಾರಿನ ತೂಕ 1, ಮಣ್ಣಿನ ತೂಕ 2. ಕೀಟನಾಶಕ ಬಳಸುವ ಪ್ರದೇಶಗಳ ಲೆಕ್ಕದಲ್ಲಿ ಅವು ಕ್ರಮವಾಗಿ 3 ಮತ್ತು 5.

ದೇಲಂಪಾಡಿಯಂತಹ ನೆಲಕ್ಕೆ ಈ ವಿಧಾನವನ್ನು ಅನ್ವಯಿಸುವಾಗ ಎರಡು ಎಚ್ಚರಗಳು ಬೇಕು. ನೀರಿನ ಆಳ ಕಡಿಮೆಯಾದಷ್ಟೂ ಅಂಕ ಹೆಚ್ಚು. ಆದರೆ ಇಲ್ಲಿ ಏಪ್ರಿಲಿನ ಆಳಕ್ಕೂ ಜುಲೈಯ ಆಳಕ್ಕೂ ಅಜಗಜಾಂತರವಿದೆ. ಬೇಸಿಗೆಯಲ್ಲಿ ಅಳೆದವನಿಗೆ ಸುರಕ್ಷಿತವೆನಿಸುವ ಬಾವಿ ಮಳೆಗಾಲದಲ್ಲಿ ಅತ್ಯಂತ ಭೇದ್ಯವಾಗಿರಬಹುದು. ಎರಡನೆಯದಾಗಿ, ಕಡಿದಾದ ಇಳಿಜಾರಿನಲ್ಲಿ ನೀರು ಇಂಗದೆ ಹರಿದುಹೋಗುವುದರಿಂದ ಡ್ರಾಸ್ಟಿಕ್ ಅದಕ್ಕೆ ಕಡಿಮೆ ಅಂಕ ಕೊಡುತ್ತದೆ. ಹಾಗೆ ಹರಿದ ನೀರು ಸೇರುವುದು ತಪ್ಪಲಿನ ಬಯಲಿಗೆ, ಅಲ್ಲಿರುವ ಬಾವಿಗೆ. ಅಡಿಕೆಯ ಕೊಳೆರೋಗಕ್ಕೆ ಶತಮಾನದಿಂದ ಬಳಕೆಯಲ್ಲಿರುವ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದೂ ಇದೇ ಮಳೆಯ ಎಡೆಬಿಡುವುಗಳಲ್ಲಿ. ಗುಡ್ಡಕ್ಕೆ ದೊರೆತ ಕಡಿಮೆ ಅಂಕ ಬಯಲಿನ ಬಾವಿಯನ್ನು ಕಾಪಾಡದು.

ವಿಶ್ವ ಆರೋಗ್ಯ ಸಂಸ್ಥೆಯ ನೈರ್ಮಲ್ಯ ತಪಾಸಣಾ ನಮೂನೆ ಇದಕ್ಕೆ ಪೂರಕವಾದುದು. ಹತ್ತಿರ ಶೌಚಾಲಯವಿದೆಯೇ, ಅದು ಎತ್ತರದಲ್ಲಿದೆಯೇ, ಕಟ್ಟೆ ಬಿರಿದಿದೆಯೇ, ಹಗ್ಗ ಮತ್ತು ಕೊಡವನ್ನು ನೆಲದಲ್ಲಿಡಲಾಗುತ್ತಿದೆಯೇ ಎಂಬಂತಹ ಹೌದು–ಅಲ್ಲಗಳ ಪ್ರಶ್ನೆಗಳಿಗೆ ಪ್ರಯೋಗಾಲಯ ಬೇಕಿಲ್ಲ. ಆದರೆ ತೋಡಿದ ಬಾವಿಗೆಂದು ಸಿದ್ಧವಾದ ನಮೂನೆಯಲ್ಲಿ ಸುರಂಗದ ಮೇಲಿನ ಗುಡ್ಡ ಯಾರದ್ದು, ಅಲ್ಲಿ ಏನನ್ನು ಬೆಳೆಯಲಾಗುತ್ತದೆ, ಹಿಂದೆ ಏನನ್ನು ಸಿಂಪಡಿಸಲಾಗಿತ್ತು ಎಂಬ ಪ್ರಶ್ನೆಗಳಿಗೆ ಸ್ಥಳವಿಲ್ಲ. ಅವುಗಳಿಗೆ ಉತ್ತರ ಇರುವುದು ಊರಿನ ಹಿರಿಯರ ನೆನಪಿನಲ್ಲಿ.

ವರದಿಯ ಭಾಷೆ

1994ರ ಕೇರಳ ಪಂಚಾಯತ್ ರಾಜ್ ಕಾಯಿದೆ ಪಾರಂಪರಿಕ ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಯನ್ನು ಗ್ರಾಮ ಪಂಚಾಯತುಗಳ ಕಡ್ಡಾಯ ಹೊಣೆಯಾಗಿಸಿದೆ. ಆದರೆ ಚಂದ್ರಗಿರಿಯ ಜಲಾನಯನದ ಹೆಚ್ಚಿನ ಭಾಗ ಇರುವುದು ಕರ್ನಾಟಕದಲ್ಲಿ. ಒಂದು ಪಂಚಾಯತಿನ ಹೊಣೆಗಾರಿಕೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಹೊಳೆಯ ಕಥೆ ಅಲ್ಲಿಂದ ಮೇಲಕ್ಕೂ ಇದೆ. ಗಡಿಯ ಎರಡೂ ಕಡೆಯ ಮಾಹಿತಿಯನ್ನು ಒಟ್ಟಿಗೆ ಓದಬಲ್ಲವರು ಗಡಿನಾಡಿನ ದ್ವಿಭಾಷಿಕರು.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕಿನ ಚರ್ಚೆ ಬಹುತೇಕ ಶಾಲೆ, ಅರ್ಜಿ, ನೇಮಕಾತಿಗಳ ಸುತ್ತ ನಡೆದಿದೆ. ನೀರಿನ ವರದಿಯೂ ಅದರ ವ್ಯಾಪ್ತಿಗೆ ಬರಬೇಕಾದ ದಾಖಲೆ. ಕೋಲಿಫಾರ್ಮ್ ಎಣಿಕೆ, ಆಮ್ಲೀಯತೆ, ಶೇಷ ಕ್ಲೋರಿನ್ ಎಂಬ ಪದಗಳು ನೀರು ಸೇದುವವರಿಗೆ ಅರ್ಥವಾಗದಿದ್ದರೆ ಪರೀಕ್ಷೆ ನಡೆದೂ ನಡೆಯದಂತೆಯೇ. ಪರಿಭಾಷೆಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ‘ದುರ್ಬಲ ಬಾವಿ’ ಎಂದರೆ ಜನ ಕಟ್ಟೆ ಕುಸಿಯುವ ಬಾವಿಯೆಂದು ತಿಳಿಯುತ್ತಾರೆ. ‘ಭೇದ್ಯ’ ಎಂಬುದು, ಅಭೇದ್ಯವಾದ ಕೋಟೆಯ ನೆನಪನ್ನು ತರುವುದರಿಂದ, ಹೊರಗಿನದು ಒಳನುಗ್ಗಬಲ್ಲ ಸ್ಥಿತಿಯನ್ನು ಸೂಚಿಸುತ್ತದೆ. ಗ್ರಾಮಸಭೆಯ ಮಟ್ಟಿಗೆ ‘ಈ ಬಾವಿಗೆ ಎಲ್ಲಿಂದ, ಯಾವಾಗ, ಏನು ಬರಬಹುದು’ ಎಂಬ ನೇರ ಮಾತೇ ಸಾಕು.

ಆ ಮಾತಿಗೆ ಉತ್ತರ ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಪ್ರತಿ ಸಾರ್ವಜನಿಕ ಬಾವಿ ಮತ್ತು ಸುರಂಗಕ್ಕೂ ಒಂದು ದಾಖಲೆಪುಟ. ಅದರಲ್ಲಿ ಬೇಸಿಗೆ ಮತ್ತು ಮಳೆಗಾಲದ ನೀರಿನ ಮಟ್ಟ, ಮೇಲ್ಭಾಗದ ಭೂಬಳಕೆ ಮತ್ತು ಸಿಂಪಡಣೆಯ ಇತಿಹಾಸ, ಮೊದಲ ಮಳೆಯ ವಾರದಲ್ಲೂ ಮಳೆ ನಿಂತ ಬಳಿಕವೂ ತೆಗೆದ ಮಾದರಿಗಳ ಫಲಿತಾಂಶ, ಆ ನೀರನ್ನು ಆಶ್ರಯಿಸಿದ ಮನೆಗಳ ಸಂಖ್ಯೆ ಇರಬೇಕು. ಕನ್ನಡ ಮತ್ತು ಮಲಯಾಳಗಳೆರಡರಲ್ಲಿಯೂ ಬರೆದ ಅದರ ಪ್ರತಿಯೊಂದು ಬಾವಿಯ ಬಳಿಯೇ ಇರಬೇಕು. ಒಂದು ಕಾಲದಲ್ಲಿ ಯಾರು ಸೇದಬಾರದು ಎಂಬುದನ್ನು ಬಾವಿಕಟ್ಟೆಯಲ್ಲಿ ಎಲ್ಲರೂ ಬಲ್ಲವರಾಗಿದ್ದರು. ಏನನ್ನು ಕುಡಿಯುತ್ತಿದ್ದೇವೆ ಎಂಬುದನ್ನು ಅದೇ ಕಟ್ಟೆಯಲ್ಲಿ ಎಲ್ಲರೂ ಓದಿ ತಿಳಿಯುವಂತಾಗುವುದು ಆ ಚರಿತ್ರೆಗೆ ಇನ್ನೂ ಸಲ್ಲಬೇಕಾಗಿರುವ ಬಾಕಿ.