ದೇವನಹಳ್ಳಿಯ ಒಪ್ಪಂದ, ನಾಗರಬಾವಿಯ ಪಾಠ: ಕರ್ನಾಟಕದ ಕಾನೂನು ಶಿಕ್ಷಣ ಮತ್ತು ಹೊರಜಗತ್ತು

2004ರ ಜುಲೈ 5ರಂದು ಕೇಂದ್ರ ಸರ್ಕಾರಕ್ಕೂ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿಗೂ ನಿಲ್ದಾಣ ಕಟ್ಟಿ ನಡೆಸುವ ಹಕ್ಕಿನ ಒಂದು ಕನ್ಸೆಷನ್ ಒಪ್ಪಂದವಾಯಿತು. ಕಂಪನಿಯಲ್ಲಿ ಜರ್ಮನಿಯ ಸೀಮೆನ್ಸ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣ ಮತ್ತು ಎಲ್ ಆ್ಯಂಡ್ ಟಿ ಸಂಸ್ಥೆಗಳ ಜೊತೆಗೆ ಸರ್ಕಾರಿ ಸಂಸ್ಥೆಗಳೂ ಪಾಲುದಾರರಾಗಿದ್ದವು. ದೇವನಹಳ್ಳಿ ತಾಲ್ಲೂಕಿನ ಸುಮಾರು 4,000 ಎಕರೆ ನೆಲದ ಭವಿಷ್ಯ ಅಲ್ಲಿ ಬರಹಕ್ಕೆ ಇಳಿಯಿತು. ನಿಲ್ದಾಣ ತೆರೆದ ದಿನದಿಂದ 25 ವರ್ಷ, 150 ಕಿಲೋಮೀಟರ್ ಒಳಗೆ, ಮೈಸೂರು ಮತ್ತು ಹಾಸನ ಬಿಟ್ಟು, ಬೇರೆ ಅಂತಹ ನಿಲ್ದಾಣ ಬರಬಾರದೆಂಬ ಷರತ್ತೂ ಸೇರಿತು. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ಹೊರಟುಹೋದವು. ಎರಡನೇ ನಿಲ್ದಾಣಕ್ಕೆ ನೆಲಮಂಗಲ–ಕುಣಿಗಲ್ ರಸ್ತೆಯ ಜಾಗ ನೋಡುವಾಗಲೂ ಮೊದಲು ಲೆಕ್ಕಕ್ಕೆ ಬರುವುದು ಇದೇ ಷರತ್ತು.

ಇಂಥ ಒಪ್ಪಂದವನ್ನು ಓದಿ ಅದರ ಒಳಸುಳಿ ಹಿಡಿಯಬಲ್ಲ ವಕೀಲರನ್ನು ನಮ್ಮ ಕಾನೂನು ಶಾಲೆಗಳು ಹೇಗೆ ತಯಾರಿಸಿದವು? ಉತ್ತರಕ್ಕೆ ಹಿಂದಕ್ಕೆ ಹೋಗಬೇಕು.

ಹಳೆಯ ಮೈಸೂರಿನ ಹುಡುಗರಿಗೆ ವಕೀಲಿ ಓದು ಎಂದರೆ ಸಂಸ್ಥಾನದ ಗಡಿ ದಾಟುವುದೇ ಆಗಿತ್ತು. ಎಸ್. ನಿಜಲಿಂಗಪ್ಪ 1926ರಲ್ಲಿ, ಕೆಂಗಲ್ ಹನುಮಂತಯ್ಯ 1932ರಲ್ಲಿ ಕಾನೂನು ಪದವಿ ಪಡೆದದ್ದು ಪುಣೆಯಲ್ಲಿ. ಆಗಿನ ಬೊಂಬಾಯಿ ಪ್ರಾಂತ್ಯದ ಬೆಳಗಾವಿಯಲ್ಲಿ 1939ರಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಹುಟ್ಟಿತು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಬಂದದ್ದು 1948ರಲ್ಲಿ. ಇವೆಲ್ಲವೂ ಕಲಿಸಿದ್ದು ಇಂಗ್ಲಿಷ್ ಕಾಮನ್ ಲಾವನ್ನೇ. ಪಠ್ಯ ವಿದೇಶದ್ದು, ಕಲಿಸುವ ವಿಧಾನ ಮಾತ್ರ ಸಂಜೆಯ ಉಪನ್ಯಾಸ, ಉರುಹೊಡೆತ, ವರ್ಷಕ್ಕೊಂದು ಪರೀಕ್ಷೆ. 1948–49ರ ರಾಧಾಕೃಷ್ಣನ್ ಆಯೋಗವೇ ಈ ಕಾಲೇಜುಗಳ ಮಟ್ಟದ ಬಗ್ಗೆ ಅಸಮಾಧಾನ ಬರೆದಿಟ್ಟಿತ್ತು. ಹಾಗಾಗಿ ಅಂತರರಾಷ್ಟ್ರೀಕರಣ ಹೊಸದೆಂದು ಹೇಳುವವರ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ನಮ್ಮಲ್ಲಿ ಕಾನೂನು ಓದು ಹುಟ್ಟಿದ್ದೇ ಪರದೇಶಿಯಾಗಿ.

ಬದಲಾವಣೆ ಬಂದದ್ದು 1986ರ ರಾಷ್ಟ್ರೀಯ ಕಾನೂನು ಶಾಲೆಯ ಕಾಯ್ದೆಯಿಂದ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಒತ್ತಾಸೆಯಿಂದ ಕಟ್ಟಿದ, ಬೆಂಗಳೂರಿನ ನಾಗರಬಾವಿಯಲ್ಲಿರುವ ಈ ಶಾಲೆಗೆ ಎನ್.ಆರ್. ಮಾಧವ ಮೆನನ್ ಮೊದಲ ನಿರ್ದೇಶಕರಾದರು. 1988ರಲ್ಲಿ ಮೊದಲ ತಂಡ ಸೇರಿತು. ಐದು ವರ್ಷದ ಸಂಯುಕ್ತ ಪದವಿ, ಮೂರು ತಿಂಗಳ ಅವಧಿಗಳು, ತೀರ್ಪನ್ನು ಮುಂದಿಟ್ಟು ಪ್ರಶ್ನೆ ಕೇಳುತ್ತ ಕಲಿಸುವ ಅಮೆರಿಕನ್ ಪದ್ಧತಿ, ಹಳ್ಳಿ ಕೊಳೆಗೇರಿಗಳಿಗೆ ಕಾನೂನು ನೆರವು ಒಯ್ಯುವ ಕ್ಲಿನಿಕ್: ಈ ಜೋಡಣೆ ದೇಶಕ್ಕೆ ಹೊಸದು. ಫೋರ್ಡ್ ಫೌಂಡೇಶನ್ನಿನ ಹಣದ ನೆರವೂ ಸಿಕ್ಕಿತು. ಪೂರ್ವದ ಹಾರ್ವರ್ಡ್ ಎಂಬ ಬಿರುದು ಬೇಗ ಅಂಟಿಕೊಂಡಿತು. ಆದರೆ ಮೆನನ್ ಅವರ ಯೋಜನೆಯಲ್ಲಿ ನನಗೆ ಅಮೂಲ್ಯವಾಗಿ ಕಾಣುವುದು ಹಾರ್ವರ್ಡಿನಿಂದ ಬಂದ ಭಾಗಕ್ಕಿಂತ ಆ ಕ್ಲಿನಿಕ್. ಅಂತರರಾಷ್ಟ್ರೀಯ ಮಟ್ಟದ ತರಬೇತಿ ಹಳ್ಳಿಯ ಕಟ್ಟೆಗೆ ತಲುಪಬೇಕೆಂಬ ಆಸೆ ಅದರಲ್ಲಿತ್ತು.

ಫಲ ಬಂದದ್ದು ಹೆಚ್ಚಾಗಿ ಇನ್ನೊಂದು ಬದಿಯಲ್ಲಿ. ನಾಗರಬಾವಿಯ ವಿದ್ಯಾರ್ಥಿಗಳು 1999ರಲ್ಲಿ, ಮತ್ತೆ 2013ರಲ್ಲಿ ವಾಷಿಂಗ್ಟನ್ನಿನ ಜೆಸಪ್ ಅಣಕು ನ್ಯಾಯಾಲಯ ಸ್ಪರ್ಧೆ ಗೆದ್ದರು. ರೋಡ್ಸ್ ವಿದ್ಯಾರ್ಥಿವೇತನ ಪಡೆದವರ ಸಾಲು ಬೆಳೆಯಿತು, ಲಂಡನ್, ಸಿಂಗಪುರದ ಸಂಸ್ಥೆಗಳು ನೇಮಕಕ್ಕೆ ಬಂದವು. ಇದು ಹೆಮ್ಮೆಯ ಸಾಧನೆ, ಸಂಶಯವಿಲ್ಲ. ಆದರೆ ಹರಿವು ಒಮ್ಮುಖವಾಯಿತು: ಇಲ್ಲಿಂದ ಹೊರಕ್ಕೆ.

ಒಳಗೆ ಬರುವ ದಾರಿಯ ಬಗ್ಗೆ ಬೇರೆಯೇ ಜಗಳ ನಡೆದಿತ್ತು. ವಿದೇಶಿ ವಕೀಲರು ಇಲ್ಲಿ ವಕೀಲಿ ನಡೆಸುವಂತಿಲ್ಲ, ಆದರೆ ತಾತ್ಕಾಲಿಕವಾಗಿ ಬಂದು ವಿದೇಶಿ ಕಾನೂನಿನ ಸಲಹೆ ಕೊಡಬಹುದೆಂದು ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 13ರಂದು ಹೇಳಿತು. 2023ರ ಮಾರ್ಚ್‌ನಲ್ಲಿ ಬಾರ್ ಕೌನ್ಸಿಲ್ ನಿಯಮ ಹೊರಡಿಸಿ ವ್ಯಾಜ್ಯೇತರ ಕೆಲಸಕ್ಕೆ ಬಾಗಿಲು ತೆರೆಯಿತು. ಅತ್ತ ಕನ್ನಡ ನಾಡಿನ ಮಕ್ಕಳಿಗೆ ನಾಗರಬಾವಿಯಲ್ಲಿ ಶೇ. 25 ಸೀಟು ಕೊಡಲು ರಾಜ್ಯ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ ಆ ಸೆಪ್ಟೆಂಬರ್ 29ರಂದು ರದ್ದುಪಡಿಸಿತು. ಅಲ್ಲಿಗೆ ಪ್ರವೇಶ ಕೊಡುವ ಕ್ಲ್ಯಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ದೊಡ್ಡಬಳ್ಳಾಪುರದ ಕನ್ನಡ ಶಾಲೆಯ ಹುಡುಗಿ ತನ್ನ ಪಕ್ಕದ ಜಿಲ್ಲೆಯ ಶಾಲೆಗೆ ಸೇರಲು ಕನ್ಸೆಷನ್ ಒಪ್ಪಂದದ ಭಾಷೆಯಲ್ಲೇ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಕನ್ನಡದಲ್ಲಿ ಉತ್ತರ ಬರೆಯಲು ಬಿಡುತ್ತದೆ. ಹೊರಜಗತ್ತಿಗೆ ಬಾಗಿಲು ತೆರೆದ ಶಾಲೆ ಇಂಗ್ಲಿಷಿನದು, ಕನ್ನಡಕ್ಕೆ ತೆರೆದದ್ದು ಬೇರೆ ಎಂಬ ಈ ಒಡಕೇ ನಮ್ಮ ಕಾನೂನು ಶಿಕ್ಷಣದ ದೊಡ್ಡ ಕೊರತೆ ಎಂಬುದು ನನ್ನ ತೀರ್ಮಾನ.

ಯಾಕೆಂದರೆ ಹೊರಜಗತ್ತು ಈಗ ದೇವನಹಳ್ಳಿಗೇ ಬಂದು ಕೂತಿದೆ. ವಿಮಾನ ನಿಲ್ದಾಣದ ಬಹುಪಾಲು ಒಡೆತನ ಇಂದು ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ್ದು. ತೈವಾನಿನ ಫಾಕ್ಸ್‌ಕಾನ್ ಅಲ್ಲೇ ಕಾರ್ಖಾನೆ ಕಟ್ಟಿದೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ 1,777 ಎಕರೆಯನ್ನು ಬಿಟ್ಟುಕೊಡದೆ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಅಲ್ಲಿನ ವಾದದಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಇತ್ತು, ವಿದೇಶಿ ಬಂಡವಾಳದ ನಿರೀಕ್ಷೆಯೂ ಇತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿ ತೋರಿಸಬಲ್ಲವರೇ ಇಂದು ಬೇಕಾದ ವಕೀಲರು.

ದೇವನಹಳ್ಳಿಯಲ್ಲೇ 2021ರ ಕಾಯ್ದೆಯಿಂದ ಹುಟ್ಟಿದ ಚಾಣಕ್ಯ ವಿಶ್ವವಿದ್ಯಾಲಯದಲ್ಲಿ ಕಾನೂನು ವಿಭಾಗವಿದೆ. ಅಲ್ಲಿನ, ನಾಗರಬಾವಿಯ, ಹುಬ್ಬಳ್ಳಿಯ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: 2004ರ ಕನ್ಸೆಷನ್ ಒಪ್ಪಂದವನ್ನು ಮೂರೂ ಕಡೆ ಪಠ್ಯವಾಗಿಡಿ, ಅದರ ಕನ್ನಡ ಅನುವಾದವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ, ಆಮೇಲೆ ಅದನ್ನು ದೇವನಹಳ್ಳಿ ಮತ್ತು ನೆಲಮಂಗಲದ ಗ್ರಾಮಸಭೆಗಳಲ್ಲಿ ಓದಿಸಿ.