ಆಕಾಶದ ಓಣಿಗಳು

ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಎದುರುಬದುರಾಗಿ ಬಂದ ಎರಡು ಗಾಡಿಗಳಿಗೆ ಒಂದು ಅನುಕೂಲವುಂಟು: ಎರಡೂ ನಿಂತುಬಿಡಬಹುದು. ವಿಮಾನಕ್ಕೆ ಆ ಸೌಕರ್ಯವಿಲ್ಲ. ಆದ್ದರಿಂದಲೇ ಆಕಾಶದಲ್ಲಿ ದಾರಿ ಹಂಚುವ ವಿದ್ಯೆಯೊಂದು ಬೆಳೆಯಬೇಕಾಯಿತು.

ಮೊದಮೊದಲು ಚಾಲಕನ ಕಣ್ಣೇ ಕಾವಲು. ಚಿಕ್ಕ ಮೈದಾನಗಳಲ್ಲಿ ಇಂದಿಗೂ ಇಳಿಯುವವರು ಗೊತ್ತಾದ ಎತ್ತರದಲ್ಲಿ, ಸಾಮಾನ್ಯವಾಗಿ ಎಡಕ್ಕೇ ತಿರುಗುತ್ತ, ಮೈದಾನವನ್ನು ಬಳಸಿ ಬರುತ್ತಾರೆ. ದೇವಸ್ಥಾನದ ಪ್ರದಕ್ಷಿಣೆಯಂತೆಯೇ ಸರಿ. ಅಲ್ಲಿ ಬಲಕ್ಕೆ, ಇಲ್ಲಿ ಎಡಕ್ಕೆ ಎಂಬುದಷ್ಟೇ ಭೇದ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 128 ಮಂದಿ ಸತ್ತರು. ಬರಿಗಣ್ಣು ಸಾಲದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ.

ನಮ್ಮ ದೇಶ ಆ ಪಾಠವನ್ನು ಕಲಿತದ್ದು 1996ರ ನವೆಂಬರ್ 12ರ ಸಂಜೆ. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಗೊತ್ತುಮಾಡಲಾಗಿತ್ತು. ಎರಡನೆಯದು ತನ್ನ ಎತ್ತರದಿಂದ ಕೆಳಗಿಳಿಯಿತು. ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜೀವಗಳು ಹೋದವು, ಒಬ್ಬರೂ ಉಳಿಯಲಿಲ್ಲ. ಬರುವವರಿಗೂ ಹೋಗುವವರಿಗೂ ಆಗ ಒಂದೇ ಓಣಿ. ಅನಂತರವೇ ದಾರಿಗಳು ಬೇರೆಯಾದವು. ಅಪಾಯ ಸಮೀಪಿಸಿದಾಗ ಒಬ್ಬನಿಗೆ 'ಏರು', ಇನ್ನೊಬ್ಬನಿಗೆ 'ಇಳಿ' ಎಂದು ತಾನೇ ಹೇಳುವ ಯಂತ್ರವೂ ಕಡ್ಡಾಯವಾಯಿತು.

ಇನ್ನು ನಮ್ಮೂರು. 2008ರಲ್ಲಿ ನಿಲ್ದಾಣ ಹೆಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋಯಿತು. 2019ರಲ್ಲಿ ಅಲ್ಲಿ ಎರಡನೆಯ ಓಡುದಾರಿ ತೆರೆಯಿತು. 2022ರ ಜನವರಿ 7ರ ಬೆಳಿಗ್ಗೆ ಪಾಳಿಯ ಮುಖ್ಯಸ್ಥರು ಉತ್ತರದ ಓಡುದಾರಿಯೊಂದನ್ನೇ ಬಳಸುವುದೆಂದು ತೀರ್ಮಾನಿಸಿದರು. ದಕ್ಷಿಣದ ನಿಯಂತ್ರಕರಿಗೆ ಆ ಮಾತು ಮುಟ್ಟಲಿಲ್ಲ. ಅವರು ಕೋಲ್ಕತ್ತದ ವಿಮಾನವನ್ನು ಬಿಟ್ಟರು. ಉತ್ತರದವರು ಭುವನೇಶ್ವರದ್ದನ್ನು ಬಿಟ್ಟರು. ಎರಡೂ ಇಂಡಿಗೋ ಸಂಸ್ಥೆಯವೇ, ಒಟ್ಟು 426 ಜನ. ಸುಮಾರು 3,000 ಅಡಿ ಎತ್ತರದಲ್ಲಿ ಅವು ಒಂದರ ಕಡೆಗೊಂದು ಸಾಗುತ್ತಿದ್ದಾಗ ರೇಡಾರ್ ನಿಯಂತ್ರಕರೊಬ್ಬರು ಕಂಡು ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದರು. ಆ ಒಂದು ಜೊತೆ ಕಣ್ಣಿಗೆ ಈ ಊರು ಋಣಿ.

ಮಾತು ಮುಟ್ಟದಿರುವುದು ಯಾವ ಕಚೇರಿಯಲ್ಲಿಯೂ ಆಗಬಹುದಾದದ್ದು. ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಆ ಘಟನೆ ಅಂದು ಯಾವ ದಿನಚರಿ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ, ಮೇಲಿನವರಿಗೆ ವರದಿಯೂ ಹೋಗಿರಲಿಲ್ಲ. ಹನ್ನೆರಡು ದಿನ ಕಳೆದು ಪತ್ರಿಕೆಗಳಲ್ಲಿ ಬಂದಾಗಲೇ ನಾವು ಅದನ್ನು ಓದಿದ್ದು.