ಕೊರಿಯಾದೇಶದ ನಾಣ್ಯಗಳೂ ನಾಣ್ಯಪಟ್ಟಿಗಳ ಪ್ರಮಾದಗಳೂ

ಕೊರಿಯಾದೇಶದ ಪ್ರಾಚೀನ ನಾಣ್ಯಗಳಲ್ಲಿ ‘ಸಾಂಗ್‌ಪ್ಯೋಂಗ್ ತೋಂಗ್ಬೊ’ ಎಂಬುದು ಅತ್ಯಂತ ಪ್ರಸಿದ್ಧವಾದುದು. ನಡುವೆ ಚೌಕವಾದ ರಂಧ್ರ, ಅದರ ಸುತ್ತ ನಾಲ್ಕು ಚೀನೀ ಅಕ್ಷರಗಳು. ಲೋಹವನ್ನು ಅಚ್ಚಿಗೆ ಎರೆದು ಮಾಡಿದ ಈ ಕಾಸು ಎರಡು ಶತಮಾನಗಳ ಮೇಲ್ಪಟ್ಟು ಆ ದೇಶದ ಪೇಟೆಗಳಲ್ಲಿ ಸಲ್ಲುತ್ತಿದ್ದಿತು. ಇದರ ಮೊದಲ ಎರಕವು ಕ್ರಿ. ಶ. 1633ರಲ್ಲಿ ನಡೆಯಿತೆಂದು ಅನೇಕ ನಾಣ್ಯಪಟ್ಟಿಗಳು ಒಂದನ್ನೊಂದು ಅನುಸರಿಸಿ ಬರೆದಿರುವುವು. ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ.

ಇಂಜೊ ರಾಜನ ಆಳಿಕೆಯ ಆ ವರ್ಷದಲ್ಲಿ ನಾಣ್ಯವನ್ನು ಎರೆದುದೇನೋ ನಿಜ. ಆ ಕಾರ್ಯವು ಧಾನ್ಯದ ಬೆಲೆಯನ್ನು ಹದದಲ್ಲಿಡುವ ‘ಸಾಂಗ್‌ಪ್ಯೋಂಗ್‌ಚೋಂಗ್’ ಎಂಬ ಕಛೇರಿಗೆ ಸೇರಿದ್ದಿತು. ಆದರೆ ಅಲ್ಲಿಂದ ಹೊರಬಿದ್ದ ಕಾಸಿನ ಮೇಲಿದ್ದ ಹೆಸರು ‘ಜೋಸನ್ ತೋಂಗ್ಬೊ’. ಕಛೇರಿಯ ಹೆಸರಿನ ಮೊದಲೆರಡು ಅಕ್ಷರಗಳೂ ಮುಂದಿನ ನಾಣ್ಯದ ಮೊದಲೆರಡು ಅಕ್ಷರಗಳೂ ಒಂದೇ ಆದುದು ಪ್ರಮಾದಕ್ಕೆ ಆಸ್ಪದವಿತ್ತಂತೆ ತೋರುತ್ತದೆ. ಜೋಸನ್ ತೋಂಗ್ಬೊ ಎಂಬ ಹೆಸರಿನ ನಾಣ್ಯವನ್ನು ಸೇಜೋಂಗ್ ರಾಜನೂ 1423ರಲ್ಲಿ ಮಾಡಿಸಿದ್ದನು. ಇವೆರಡನ್ನು ಬೇರ್ಪಡಿಸುವುದು ಬರಹದ ರೀತಿಯೊಂದೇ: ಸೇಜೋಂಗನ ಕಾಸಿನಲ್ಲಿ ನೇರವಾದ ಸಾಧಾರಣ ಲಿಪಿ, ಇಂಜೊವಿನ ಕಾಸಿನಲ್ಲಿ ಗೆರೆಗಳು ಇಕ್ಕೆಲಕ್ಕೂ ಹರಡಿದ ‘ಪಾಲ್‌ಬುನ್’ ಎಂಬ ಹಳೆಯ ಲಿಪಿ. ಇದನ್ನು ಗಮನಿಸದೆ ಎರಡನ್ನೂ ಒಂದೇ ಕಾಲಕ್ಕೆ ಸೇರಿಸಿದರೆ ಇನ್ನೂರಹತ್ತು ವರ್ಷಗಳ ಅಂತರವು ಮಾಯವಾಗುವುದು!

ಸಾಂಗ್‌ಪ್ಯೋಂಗ್ ತೋಂಗ್ಬೊ ನೆಲೆಗೊಂಡುದು ಸುಕ್ಜೋಂಗ್ ರಾಜನ ನಾಲ್ಕನೆಯ ವರ್ಷದಲ್ಲಿ, ಎಂದರೆ 1678ರಲ್ಲಿ. ನಡುವಣ ನಲವತ್ತೈದು ವರ್ಷಗಳು ಅಲ್ಪವೆಂದು ತಳ್ಳಿಬಿಡತಕ್ಕವಲ್ಲ. 1636ರಲ್ಲಿ ಮಂಚೂ ಸೈನ್ಯವು ದಂಡೆತ್ತಿ ಬಂದುದರಿಂದ ಇಂಜೊವಿನ ಪ್ರಯತ್ನವು ಮುರಿದುಬಿದ್ದಿತು. ಪಟ್ಟಿಯ ಮಾತನ್ನು ನಂಬಿದವನು, ಆ ಯುದ್ಧದ ನಡುವೆಯೂ ಒಂದೇ ನಾಣ್ಯವು ಅವಿಚ್ಛಿನ್ನವಾಗಿ ಸಲ್ಲುತ್ತಿದ್ದಿತೆಂದು ತಿಳಿಯುವನು. ಸೋತುಹೋದ ಒಂದು ರಾಜಕಾರ್ಯವು ಹೀಗೆ ಚರಿತ್ರೆಯಿಂದಲೇ ಅಳಿಸಿಹೋಗುತ್ತದೆ.

ನಾಣ್ಯದ ಹಿಂಬದಿಯೂ ಸಂಗ್ರಹಕಾರರನ್ನು ಬಹಳವಾಗಿ ತೊಡಕಿಗೆ ಸಿಕ್ಕಿಸುತ್ತದೆ. ರಂಧ್ರದ ಮೇಲ್ಗಡೆಯ ಅಕ್ಷರವು ಸಾಮಾನ್ಯವಾಗಿ ಟಂಕಶಾಲೆಯ ಗುರುತು. ಇತರೆಡೆಗಳಲ್ಲಿರುವ ಅಂಕೆಗಳೂ, ಬಾಲಕರು ಓದುತ್ತಿದ್ದ ‘ಸಾವಿರ ಅಕ್ಷರಗಳ ಗ್ರಂಥ’ದಿಂದ ಕ್ರಮವಾಗಿ ತೆಗೆದ ಅಕ್ಷರಗಳೂ ಎರಕದ ಸಾಲನ್ನು ತಿಳಿಸುವುವೇ ಹೊರತು ವರ್ಷವನ್ನಲ್ಲ. ‘ಆಕಾಶ’, ‘ಭೂಮಿ’ ಎಂಬ ಅಕ್ಷರಗಳಲ್ಲಿ ಗೂಢಾರ್ಥವನ್ನು ಹುಡುಕುವುದು ವ್ಯರ್ಥಶ್ರಮ.

ಯಂತ್ರದಿಂದ ಒತ್ತಿದ ನಾಣ್ಯಗಳ ಕಾಲಕ್ಕೆ ಬಂದರೆ ತೊಡಕು ಕೂಡಿಕೆಯದು. ಅವುಗಳ ಮೇಲೆ ರಾಜ್ಯಸ್ಥಾಪನೆಯಿಂದ ಎಣಿಸಿದ ವರ್ಷವಿದೆ. ರಾಜ್ಯವು 1392ರಲ್ಲಿ ಸ್ಥಾಪಿತವಾಯಿತು; ಆ ವರ್ಷವೇ ಒಂದನೆಯದು. ಶಕವರ್ಷದಲ್ಲಿ ಗತ, ವರ್ತಮಾನಗಳ ಭೇದವನ್ನು ಅರಿತ ನಮ್ಮ ಶಾಸನಾಭ್ಯಾಸಿಗಳಿಗೆ ಇದನ್ನು ವಿವರಿಸಬೇಕಾದುದಿಲ್ಲ. 501 ಎಂದಿರುವ ಐದು ಯಾಂಗಿನ ಬೆಳ್ಳಿಯ ನಾಣ್ಯಕ್ಕೆ 1392ನ್ನು ಕೂಡಿಸಿದವರು 1893 ಎಂದು ಬರೆಯುವರು. ಕೂಡಿಸಬೇಕಾದುದು 1391, ನಾಣ್ಯದ ವರ್ಷ 1892.